ಟೆನ್ಷನ್ ಸಿಗರೇಟಿಗೆ ಒಂದು ಬಿ.ಪಿ. ಮಾತ್ರೆ



ಸಿಗರೇಟು ಬಿಟ್ಟವರು ಮತ್ತೆ ಹಚ್ಚುವುದು ಎಂಥ ದಿನ ಎಂದು ಗಮನಿಸಿದ್ದೀರಾ? ಆಫೀಸಿನಲ್ಲಿ ಬೈಸಿಕೊಂಡ ದಿನ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ, ಆಸ್ಪತ್ರೆಯ ಹೊರಗೆ ಕಾದು ಕೂತ ದಿನ. ನಮ್ಮ ಚೆನ್ನೈನ ಗೂಡಂಗಡಿಯಲ್ಲಿ ನೇತುಬಿಟ್ಟ ಹಗ್ಗದ ಕೆಂಡಕ್ಕೆ ಸಿಗರೇಟು ತಾಗಿಸುತ್ತಾ "ಏನ್ ಮಾಡೋದು, ಟೆನ್ಷನ್" ಎನ್ನುತ್ತಾರೆ. ನಾವು ಒಳಗೊಳಗೇ "ಮನಸ್ಸು ಗಟ್ಟಿಯಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಆ ತೀರ್ಪನ್ನು ಅಲುಗಾಡಿಸಿದ ಒಂದು ಮಾತ್ರೆಯ ಕಥೆ ಇದು.

ಹೆಸರು ಕ್ಲೊನಿಡೀನ್. 1960ರ ದಶಕದಲ್ಲಿ ಜರ್ಮನಿಯಲ್ಲಿ ಕಟ್ಟಿದ ಮೂಗು ಬಿಡಿಸಲೆಂದು ತಯಾರಿಸಿದ್ದು. ಮೂಗಿಗೆ ಹಾಕಿ ನೋಡಿದರೆ ರಕ್ತದೊತ್ತಡ ಇಳಿಯಿತು, ಹಾಕಿಸಿಕೊಂಡವರಿಗೆ ಗಾಢ ನಿದ್ದೆ! ಹೀಗೆ ನೆಗಡಿಯ ಔಷಧ ಬಿ.ಪಿ. ಮಾತ್ರೆಯಾಯಿತು.

ಮೆದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಜಾಗವಿದೆ. 'ನೀಲಿ ತಾಣ' ಎನ್ನೋಣ. ಗಾಬರಿಯಾದಾಗ ನಾರ್‌ಅಡ್ರಿನಲಿನ್ ಸುರಿಸಿ ಮೈಯನ್ನೆಲ್ಲ ಎಚ್ಚರಿಸುವ ಅಲಾರಂ ಅದು. ಕ್ಲೊನಿಡೀನ್ ಅದಕ್ಕೆ ಬ್ರೇಕ್ ಹಾಕುತ್ತದೆ. ಅಫೀಮಿನ ಜಾತಿಯ ಚಟ ಬಿಡುವವರ ಸಂಕಟ ಇದರಿಂದ ತಗ್ಗುತ್ತದೆಂದು ಅಮೆರಿಕದ ಯೇಲ್ ವೈದ್ಯರು 1978ರಲ್ಲಿ ವರದಿ ಮಾಡಿದರು. ಹಾಗಾದರೆ ಸಿಗರೇಟಿಗೆ?

ಆ ಪ್ರಶ್ನೆ ಕೇಳಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಗ್ಲಾಸ್‌ಮನ್. 1984ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇದ್ದವರು ವಿಪರೀತ ಸೇದುವ 15 ಮಂದಿ ಮಾತ್ರ. ಸೇದದೆ ಇರಬೇಕಾದ ದಿನಗಳಲ್ಲಿ ಅವರಿಗೆ ಕ್ಲೊನಿಡೀನ್, ಆತಂಕ ಇಳಿಸುವ ಆಲ್‌ಪ್ರಜೋಲಾಂ, ಔಷಧವೇ ಇಲ್ಲದ ಹುಸಿಮಾತ್ರೆ, ಇವನ್ನು ಕೊಟ್ಟು ಹೋಲಿಸಿದರು. ಸಿಡಿಮಿಡಿ, ಆತಂಕ ಎರಡೂ ಔಷಧಗಳಿಂದ ಇಳಿದವು. ಆದರೆ ಸೇದಲೇಬೇಕೆಂಬ ತುಡಿತವನ್ನು ತಗ್ಗಿಸಿದ್ದು ಕ್ಲೊನಿಡೀನ್ ಮಾತ್ರ. ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ್ದು ಇದೇ. ಮನಸ್ಸನ್ನು ಸುಮ್ಮನೆ ಸಮಾಧಾನ ಮಾಡಿದರೆ ಸಾಲದು ನೋಡಿ, ಒಳಗಿನ ಅಲಾರಂ ತಣ್ಣಗಾಗಬೇಕು.

1988ರಲ್ಲಿ ಗ್ಲಾಸ್‌ಮನ್ ತಂಡ ಹಿಂದೆ ಬಿಡಲು ಹೋಗಿ ಸೋತಿದ್ದ 71 ಮಂದಿಯನ್ನು ಪರೀಕ್ಷಿಸಿತು. ಹುಸಿಮಾತ್ರೆಯವರಿಗಿಂತ ಕ್ಲೊನಿಡೀನ್ ತೆಗೆದುಕೊಂಡವರಲ್ಲಿ ಗೆದ್ದವರು ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಯಾರೂ ಹುಡುಕದ ಸಂಗತಿಯೊಂದು ಸಿಕ್ಕಿತು: ಅವರಲ್ಲಿ ನೂರಕ್ಕೆ 61 ಮಂದಿ ಎಂದೋ ಒಮ್ಮೆ ತೀವ್ರ ಖಿನ್ನತೆ ಅನುಭವಿಸಿದ್ದರು, ಅಂಥವರೇ ಹೆಚ್ಚು ಸೋಲುತ್ತಿದ್ದರು. ಸೋತವರನ್ನು ಹಳಿಯುವ ನಾವು ಅವರ ಹಳೆಯ ನೋವನ್ನು ಕೇಳಿರುತ್ತೇವೆಯೇ?

ಇಷ್ಟಾದರೂ ಈ ಮಾತ್ರೆ ಮುಂದಿನ ಸಾಲಿಗೆ ಬರಲಿಲ್ಲ. ಬಾಯಿ ಒಣಗುತ್ತದೆ, ತೂಕಡಿಕೆ ಬರುತ್ತದೆ, ಬಿ.ಪಿ. ಇಳಿಯುತ್ತದೆ, ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಜಿಗಿಯುತ್ತದೆ. (ಮನೆಯ ಹಿರಿಯರ ಡಬ್ಬಿಯಿಂದ ತೆಗೆದು ನುಂಗೀರಿ, ಜೋಕೆ!) ಅಮೆರಿಕದಲ್ಲಿ 1997ರಲ್ಲಿ ಬುಪ್ರೊಪಿಯಾನ್, 2006ರಲ್ಲಿ ವ್ಯಾರೆನಿಕ್ಲಿನ್ ಒಪ್ಪಿಗೆ ಪಡೆದು ಮುಂದೆ ಹೋದವು. ಹಳೆಯ ಎಳೆ ಮಾತ್ರ ಕಡಿಯಲಿಲ್ಲ. ಕ್ಲೊನಿಡೀನ್‌ನ ತಮ್ಮನಂಥ ಗ್ವಾನ್‌ಫಸೀನ್ ಕೊಟ್ಟು, ಸೇದುವವರಿಗೆ ಅವರದೇ ಕಹಿ ಪ್ರಸಂಗಗಳನ್ನು ನೆನಪಿಸಿ, ಎಷ್ಟು ಹೊತ್ತು ತಡೆಯುತ್ತಾರೆಂದು ಯೇಲ್‌ನ ಶೆರ್ರಿ ಮೆಕ್‌ಕೀ ತಂಡ ನೋಡಿತು. ಮಾತ್ರೆ ತೆಗೆದುಕೊಂಡವರು ಹೆಚ್ಚು ಹೊತ್ತು ತಡೆದರು ಎಂದು 2015ರ ವರದಿ. ಸಿಗರೇಟು ಬಿಡಿಸುವ ಔಷಧವೆಂಬ ಒಪ್ಪಿಗೆ ಅದಕ್ಕಿನ್ನೂ ಸಿಕ್ಕಿಲ್ಲ.

ಇನ್ನು ನಮ್ಮೂರಿಗೆ ಬರೋಣ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಆರಂಭಿಸಿದ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ನಿಮಗೆ ಗೊತ್ತು. ದೇಶದಲ್ಲಿ 2002ರಲ್ಲಿ ತೆರೆದ 13 ತಂಬಾಕು ಬಿಡಿಸುವ ಚಿಕಿತ್ಸಾಲಯಗಳಲ್ಲಿ ಒಂದು ಅಲ್ಲಿತ್ತು, ಇನ್ನೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಮನಸ್ಸಿನ ಕಷ್ಟವನ್ನು ತಮಿಳಿನಲ್ಲಿ ಹೇಳಲು ತಡವರಿಸುವವರು ನಮ್ಮಲ್ಲಿ ಇದ್ದೇ ಇದ್ದಾರಲ್ಲ, ಅವರಿಗೊಂದು ಸುದ್ದಿ: ರಾಷ್ಟ್ರೀಯ ಕ್ವಿಟ್‌ಲೈನ್ 2018ರಿಂದ ನಿಮ್ಹಾನ್ಸ್‌ನಲ್ಲೂ ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ. ನಂಬರು 1800-11-2356. ಬರೆದಿಟ್ಟುಕೊಳ್ಳಲು ಮರೆತರೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ.