ಸಿಂಗಳೀಕ ಉಳಿಸಿದ ಕಣಿವೆ

ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಸಿಂಗಳೀಕವನ್ನು ಕಾಣಬೇಕಾದರೆ ನೀವು ತಲೆಯೆತ್ತಿ ಗಂಟೆಗಟ್ಟಲೆ ಕಾಯಬೇಕು. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಈ ಕೋತಿ ದಟ್ಟಕಾಡಿನಲ್ಲಿ ನೆಲಕ್ಕಿಳಿಯುವುದು ಅಪರೂಪ.

1970ರ ದಶಕದಲ್ಲಿ ತಮಿಳುನಾಡಿನ ಅಶಂಬು ಬೆಟ್ಟಗಳಲ್ಲಿ ಸ್ಟೀವನ್ ಗ್ರೀನ್ ಮತ್ತು ಕ್ಯಾರೆನ್ ಮಿಂಕೋವ್ಸ್ಕಿ ಅವರು ಇದರ ಹಿಂಡುಗಳನ್ನು ಹಿಂಬಾಲಿಸಿ ಅಧ್ಯಯನ ನಡೆಸಿದರು. ಕೊಂಬೆಗೆ ಕೊಂಬೆ ಕೂಡಿದ ವಿಶಾಲ ಕಾಡಿಲ್ಲದೆ ಸಿಂಗಳೀಕ ಬಾಳದೆಂಬುದು ಸ್ಪಷ್ಟವಾಯಿತು.

ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ, ವಿರೋಧಿಸಿದವರಿಗೆ ಈ ಪ್ರಾಣಿಯೇ ಸಂಕೇತವಾಯಿತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ನಮ್ಮ ಉತ್ತರ ಕನ್ನಡದಲ್ಲೂ 2011ರಲ್ಲಿ ಅಘನಾಶಿನಿ ಕಣಿವೆ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಲ್ಲಿಗೆ ಹೋದಾಗ ರಸ್ತೆಯ ಮೇಲೆ ಕೊಂಬೆಗಳು ಇನ್ನೂ ಕೂಡಿವೆಯೇ ಎಂದು ಗಮನಿಸಿ. ಸಿಂಗಳೀಕಕ್ಕೆ ದಾರಿ ಅದೇ.