ಅಪ್ಪನ ಮೀನು, ಮಗನ ಮಣ್ಣು

ಹೋದ ವರ್ಷದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಮೈಸೂರಿನ ನನ್ನ ಬಾಡಿಗೆ ಮನೆಗೆ ಬಂದಾಗ, ಅವಳ ಖುಷಿಗೆಂದು 40 ಲೀಟರಿನ ಗಾಜಿನ ತೊಟ್ಟಿಯೊಂದನ್ನೂ ಹತ್ತು ಬಣ್ಣದ ಮೀನುಗಳನ್ನೂ ತಂದೆ. ಅಂದು ಸಂಜೆಯೇ ನಲ್ಲಿ ನೀರು ತುಂಬಿಸಿ ಮೀನು ಬಿಟ್ಟೆವು. ಐದನೆಯ ದಿನ ಅವು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗೆ ಚಡಪಡಿಸತೊಡಗಿದವು. ಒಂಬತ್ತನೆಯ ದಿನದ ಹೊತ್ತಿಗೆ ಒಂದೂ ಉಳಿಯಲಿಲ್ಲ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ಹುಡುಗಿ ಅಳಲಿಲ್ಲ. “ದಿನಾ ಮೂರು ಹೊತ್ತು ಊಟ ಹಾಕಿದ್ವಲ್ಲ, ಮತ್ಯಾಕೆ ಸತ್ತವು?” ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇತಿಹಾಸ ಓದುವವರಿಗೆ ಒಂದು ಚಟವಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಎದುರಾದರೆ, ಅದನ್ನು ಮೊದಲು ಯಾರು ಕೇಳಿಕೊಂಡರು ಎಂದು ಹುಡುಕಿಕೊಂಡು ಹೋಗುವುದು. ಪಿಎಚ್.ಡಿ. ಅಧ್ಯಾಯವನ್ನು ಪಕ್ಕಕ್ಕಿಟ್ಟು ನಾನೂ ಅದನ್ನೇ ಮಾಡಿದೆ. ಸಿಕ್ಕಿದ್ದು ಒಂದು ಮನೆತನದ ಕತೆ. ಅಪ್ಪ ಮತ್ತು ಮಗ, ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್.

ಅಪ್ಪ ಲಂಡನ್ನಿನಲ್ಲಿ ಔಷಧ ತಯಾರಕರ ಸಂಘದ ರಸಾಯನಶಾಸ್ತ್ರಜ್ಞ. ಮೀನು ಸಾಕುವುದು ಆಗ ಹೊಸತೇನಲ್ಲ. ಚೀನಾದವರು ಶತಮಾನಗಳಿಂದ ಚಿನ್ನದ ಮೀನು ಸಾಕುತ್ತಿದ್ದರು. ಆದರೆ ಬೋಗುಣಿಯಲ್ಲಿಟ್ಟ ಮೀನು ಬದುಕಬೇಕಾದರೆ ನೀರನ್ನು ಮತ್ತೆ ಮತ್ತೆ ಬದಲಿಸಬೇಕಿತ್ತು. ನೀರು ಬದಲಿಸದೆಯೇ ಮೀನು ಉಳಿದೀತೇ ಎಂಬುದು ವಾರಿಂಗ್ಟನ್‌ನ ಪ್ರಶ್ನೆ. ಸುಮಾರು 12 ಗ್ಯಾಲನ್, ಅಂದರೆ 50 ಲೀಟರಿಗೆ ತುಸು ಮೇಲೆ ಹಿಡಿಸುವ ಗಾಜಿನ ಪಾತ್ರೆಯಲ್ಲಿ ಮರಳು, ಕೆಸರು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು, ಎರಡೇ ಎರಡು ಚಿನ್ನದ ಮೀನು ಬಿಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲಾಮ್ಲ ಬಿಡುತ್ತದೆ, ಒಂದರ ಉಸಿರು ಇನ್ನೊಂದರ ಆಹಾರ ಎಂಬುದು ಲೆಕ್ಕ. ಕೆಲವು ದಿನದಲ್ಲೇ ಗಿಡದ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಈ ಪ್ರಯೋಗವನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ.

ಕಾಲವೂ ಹದವಾಗಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಮಧ್ಯಮವರ್ಗದವರು ಕಡಲತೀರಕ್ಕೆ ಮುಗಿಬಿದ್ದು, ಬಂಡೆಗಳ ನಡುವಿನ ಜೀವಿಗಳನ್ನು ಬಕೆಟ್ಟಿನಲ್ಲಿ ತುಂಬಿ ಮನೆಗೆ ತಂದರು. ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ಕಂಡ ಆ ತೀರಗಳು ಅಪ್ಪನ ಪುಸ್ತಕ ಓದಿ ಬಂದವರ ಕೈಯಲ್ಲಿ ಬರಿದಾದದ್ದನ್ನು ನೋವಿನಿಂದ ನೆನೆಯುತ್ತಾನೆ. ಪ್ರೀತಿಯಿಂದ ಬರೆದ ಪುಸ್ತಕವೇ ಪ್ರೀತಿಸಿದ್ದನ್ನು ತೆಗೆಯಿತು. ಇದನ್ನು ಓದುವಾಗ ನನ್ನ ತೊಟ್ಟಿ ಅಡುಗೆಮನೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು.

‘ಸಮತೋಲನದ ತೊಟ್ಟಿ’ ಎಂಬ ವಾರಿಂಗ್ಟನ್‌ನ ಕಲ್ಪನೆ ಹತ್ತಾರು ವರ್ಷ ಹವ್ಯಾಸಿಗಳ ವೇದವಾಯಿತು. ಆದರೆ ಅದರಲ್ಲಿ ಒಂದು ಪಾತ್ರ ಕಾಣೆಯಾಗಿತ್ತು. ಮೀನು ಬಿಡುವುದು ಇಂಗಾಲಾಮ್ಲವನ್ನಷ್ಟೇ ಅಲ್ಲ, ಕಿವಿರುಗಳ ಮೂಲಕ ಸತತವಾಗಿ ಅಮೋನಿಯಾವನ್ನೂ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಅದಕ್ಕೆ ಬಣ್ಣವಿಲ್ಲ. ನೀರು ತಿಳಿಯಾಗಿರುವಾಗಲೇ ಅದು ಕಿವಿರನ್ನು ಸುಡುತ್ತದೆ. ಬೇಸಿಗೆಯ ಬಿಸಿ ನೀರಿನಲ್ಲಿ, ಕ್ಷಾರ ಹೆಚ್ಚಿರುವ ನೀರಿನಲ್ಲಿ ಅದರ ವಿಷ ಇನ್ನೂ ತೀವ್ರ. ಅಪ್ಪ ವಾರಿಂಗ್ಟನ್‌ನ ತೊಟ್ಟಿಯಲ್ಲಿ ಅಮೋನಿಯಾವನ್ನು ಒಂದಿಷ್ಟು ಗಿಡ ಹೀರಿಕೊಂಡಿರಬೇಕು. ಉಳಿದದ್ದನ್ನು ಅವನು ಹಾಕಿದ ಮರಳು, ಕೆಸರು, ಕಲ್ಲಿಗೆ ಅಂಟಿಕೊಂಡಿದ್ದ ಯಾರೋ ತಿನ್ನುತ್ತಿದ್ದರು. ಅವರು ಯಾರೆಂದು ತಿಳಿಯದೆಯೇ ಅವನು 1867ರಲ್ಲಿ ತೀರಿಕೊಂಡ.

ಹತ್ತು ವರ್ಷದ ಬಳಿಕ, 1877ರಲ್ಲಿ, ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಮರಳು ತುಂಬಿದ ಕೊಳವೆಯೊಂದರಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸುತ್ತ ಕೂತರು. ಸುಮಾರು 20 ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಕೆಳಗೂ ಅಮೋನಿಯಾವಾಗಿಯೇ ಬಂತು. ಆಮೇಲೆ ಅದು ನೈಟ್ರೇಟ್ ಆಗಿ ಬರತೊಡಗಿತು. ಕೊಳವೆಗೆ ಕ್ಲೋರೋಫಾರ್ಮ್ ಹಾಯಿಸಿದರೆ ಈ ಬದಲಾವಣೆ ನಿಂತುಹೋಯಿತು. ಮಣ್ಣು ಕಲಸಿದ ಒಂದಿಷ್ಟು ನೀರು ಸೇರಿಸಿದರೆ ಕೆಲವು ದಿನದಲ್ಲಿ ಮತ್ತೆ ಶುರುವಾಯಿತು. ಅಂದರೆ ಇದು ಜೀವವಿರುವ ಯಾವುದರದೋ ಕೆಲಸ.

ಈ ಸುದ್ದಿಯನ್ನು ಹಿಡಿದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದವನು ಮಗ ರಾಬರ್ಟ್ ವಾರಿಂಗ್ಟನ್. ಅಪ್ಪನ ಪ್ರಯೋಗಾಲಯದಲ್ಲೇ ರಸಾಯನಶಾಸ್ತ್ರ ಕಲಿತವನು. ಅವನಿಗೆ ಬೇಕಿದ್ದದ್ದು ಮೀನಲ್ಲ, ಹೊಲದ ಮಣ್ಣು. ಗೊಬ್ಬರದ ಅಮೋನಿಯಾ ಬೆಳೆಗೆ ನೈಟ್ರೇಟ್ ಆಗುವುದು ಹೇಗೆ ಎಂಬುದು ಅವನ ಚಿಂತೆ. ಆ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ ಎಂದು ಅವನು ಕಂಡುಕೊಂಡ. ಒಂದು ಬಗೆಯ ಸೂಕ್ಷ್ಮಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅವುಗಳನ್ನು ಶುದ್ಧವಾಗಿ ಬೇರ್ಪಡಿಸಲು ಮಾತ್ರ ಅವನಿಂದಾಗಲಿಲ್ಲ. 1890ರ ಹೊತ್ತಿಗೆ ರಷ್ಯಾದ ವಿನೋಗ್ರಾಡ್ಸ್ಕಿ ಅದನ್ನು ಸಾಧಿಸಿ ಹೆಸರು ಪಡೆದ. ಅಪ್ಪನ ಗಾಜಿನ ಪಾತ್ರೆಯಲ್ಲಿ ಉತ್ತರವಿಲ್ಲದೆ ಉಳಿದಿದ್ದ ಪ್ರಶ್ನೆಗೆ ಮಗ ಹೊಲದಲ್ಲಿ ನಿಂತು ಉತ್ತರ ಹೇಳಿದ್ದ.

ಮಗನ ಲೆಕ್ಕವನ್ನೂ ಕಾಲ ತಿದ್ದಿತು. 1998ರಲ್ಲಿ ಅಕ್ವೇರಿಯಂಗಳ ನೀರನ್ನೇ ಪರೀಕ್ಷಿಸಿದವರು, ಎರಡನೆಯ ಹಂತದ ಕೆಲಸ ಪಠ್ಯಪುಸ್ತಕಗಳು ಹೇಳುತ್ತಿದ್ದ ಬ್ಯಾಕ್ಟೀರಿಯಾದ್ದಲ್ಲ, ನೈಟ್ರೋಸ್ಪೈರಾ ಎಂಬ ಬೇರೆ ಕುಲದ್ದು ಎಂದು ತೋರಿಸಿದರು. 2005ರಲ್ಲಿ ಸಿಯಾಟಲ್ ಅಕ್ವೇರಿಯಂನ ತೊಟ್ಟಿಯೊಂದರಿಂದ, ಬ್ಯಾಕ್ಟೀರಿಯಾವೇ ಅಲ್ಲದ, ಆರ್ಕಿಯಾ ಗುಂಪಿನ ಅಮೋನಿಯಾಭಕ್ಷಕ ಸಿಕ್ಕಿತು. 2015ರಲ್ಲಿ ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸುವ ಬ್ಯಾಕ್ಟೀರಿಯಾ ಪತ್ತೆಯಾಯಿತು.

ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಈ ಸಾಲಿನಲ್ಲೇ ಇತ್ತು. ನಮ್ಮ ತೊಟ್ಟಿಯಲ್ಲಿ ಹತ್ತು ಮೀನಿದ್ದವು, ಅವುಗಳ ಕೊಳೆಯನ್ನು ತೆಗೆಯುವವರು ಒಬ್ಬರೂ ಇರಲಿಲ್ಲ. ಅವರು ನೆಲೆಯಾಗಲು ಮೂರು ವಾರವಾದರೂ ಬೇಕೆಂದು 1877ರ ಆ ಮರಳ ಕೊಳವೆ ಹೇಳಿತ್ತು. ನಾವು ಮೂರು ಗಂಟೆ ಕಾಯಲಿಲ್ಲ. ಮೇಲೆ ದಿನಕ್ಕೆ ಮೂರು ಹೊತ್ತಿನ ಊಟ. ನಾವು ಹಾಕಿದ ಊಟವೇ ಅವುಗಳನ್ನು ಕೊಂದಿತ್ತು.

ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಎಸೆದವರಿಗೆ ಇದು ಅರ್ಥವಾಗುವುದು ಕಷ್ಟ. ಅಲ್ಲಿ ಎಷ್ಟು ಎಸೆದರೂ ಮೀನು ಮುಗಿಬೀಳುತ್ತವೆ, ಉಳಿದದ್ದನ್ನು ಹೊಳೆ ಒಯ್ಯುತ್ತದೆ. ಮೀನಿಗೆ ಉಣಿಸುವುದು ಪುಣ್ಯ ಎಂಬ ನಂಬಿಕೆ ಹುಟ್ಟಿದ್ದು ಹರಿಯುವ ನೀರಿನ ದಡದಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಹೊಳೆ ಇಲ್ಲ. ಅದರ ಕೆಲಸವನ್ನು ನಾವೇ ಮಾಡಬೇಕು.

ಈ ಸಲ ಹಾಗೆಯೇ ಮಾಡಿದೆ. ತೊಟ್ಟಿಗೆ ಮರಳು, ಗಿಡ, ಒಂದು ಸ್ಪಂಜಿನ ಫಿಲ್ಟರ್ ಹಾಕಿ, ಮೀನಿಲ್ಲದ ನೀರಿಗೆ ದಿನಕ್ಕೊಂದು ಚಿಟಿಕೆ ಆಹಾರ ಉದುರಿಸಿ ಕೊಳೆಯಲು ಬಿಟ್ಟೆ. ಪರೀಕ್ಷಾ ಕಿಟ್ಟಿನಲ್ಲಿ ಮೊದಲು ಅಮೋನಿಯಾ ಏರಿತು. ಅದು ಇಳಿಯುತ್ತ ಬಂದಂತೆ ನೈಟ್ರೈಟ್ ಏರಿತು. ನೈಟ್ರೈಟ್ ಕೂಡ ವಿಷವೇ. ರಕ್ತಕ್ಕೆ ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ. ಐದು ವಾರಕ್ಕೆ ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಉಳಿಯಿತು. ಅದು ಅಷ್ಟು ಕ್ರೂರಿಯಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಹೊಸ ನೀರಿನ ಕ್ಲೋರಿನ್ ಮೀನನ್ನೂ ಈ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಹಾಗಾಗಿ ಬಕೆಟ್ಟಿನಲ್ಲಿ ತೆರೆದಿಟ್ಟು ಒಂದು ದಿನ ಕಳೆದ ಮೇಲೆಯೇ ಸುರಿಯುತ್ತೇನೆ. ನೀರಿಗೆ ಕ್ಲೋರಮೈನ್ ಬೆರೆಸುವ ಊರಿನಲ್ಲಿ ಇದು ಸಾಲದು, ಅದಕ್ಕೆ ಅಂಗಡಿಯ ಔಷಧಿಯೇ ಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡುವುದಿಲ್ಲ, ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ತೊಳೆಯುತ್ತೇನೆ. ಸ್ಪಂಜಿನ ಆ ಕಂದು ಲೋಳೆಯೇ ವಾರಿಂಗ್ಟನ್ ಮಗ ಹುಡುಕುತ್ತಿದ್ದದ್ದು.

ಯಾವ ಮೀನು ತರಲಿ ಎಂದು ಯೋಚಿಸುವಾಗ ನನ್ನ ಸಂಶೋಧನೆಯೇ ದಾರಿ ತೋರಿತು. ಮೈಸೂರು ಸೀಮೆಯ ಇತಿಹಾಸ ಓದುವವರಿಗೆ ಫ್ರಾನ್ಸಿಸ್ ಬುಕನನ್ ಪರಿಚಿತ. ಟಿಪ್ಪು ಬಿದ್ದ ಮರುವರ್ಷ ಕಂಪನಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, ಬೆಳೆ, ಬೆಲೆ, ಜಾತಿ, ನೇಗಿಲುಗಳನ್ನು ದಾಖಲಿಸಿದ ವೈದ್ಯ. ನನ್ನ ಪ್ರಬಂಧದ ಅರ್ಧ ಅಡಿಟಿಪ್ಪಣಿಗಳು ಅವನವೇ. ಅದೇ ಮನುಷ್ಯ ಮುಂದೆ ಹ್ಯಾಮಿಲ್ಟನ್ ಎಂಬ ತಾಯಿಯ ಮನೆತನದ ಹೆಸರು ಸೇರಿಸಿಕೊಂಡು, ಗಂಗಾನದಿಯ ಮೀನುಗಳ ಬಗ್ಗೆ 1822ರಲ್ಲಿ ಪುಸ್ತಕ ತಂದ. ನೀಲಿ ಪಟ್ಟೆಯ ಜೀಬ್ರಾ ಡಾನಿಯೋ ಮೀನನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಆ ಪುಸ್ತಕ. ‘ಡಾನಿಯೋ’ ಬಂದದ್ದು ಬಂಗಾಳಿಯ ‘ಧಾನಿ’ಯಿಂದ, ಅಂದರೆ ಗದ್ದೆಯದು ಎನ್ನುತ್ತಾರೆ. ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಮಿಂಚುವ ಕೆಲವು ಪುಟ್ಟ ಮೀನುಗಳು ಇದರ ನೆಂಟರು. ಗಟ್ಟಿ ಜೀವ, ಗುಂಪಿನಲ್ಲಿ ಖುಷಿ, ಮೈಸೂರಿನ ಚಳಿಗೆ ಹೀಟರ್ ಬೇಡ. ಹೊಸಬರಿಗೆ ಇದಕ್ಕಿಂತ ತಕ್ಕ ಮೀನಿಲ್ಲ. ಆರು ತಂದೆ.

ಈ ದಸರೆಗೆ ಅಕ್ಕನ ಮಗಳು ಮತ್ತೆ ಬಂದಳು. ಬಂದವಳೇ ತೊಟ್ಟಿಯ ಮುಂದೆ ಕೂತು ಎಣಿಸಿದಳು. ಆರೂ ಇದ್ದವು. ನಾನು ಅವಳಿಗೆ ಅಪ್ಪ ಮಗನ ಕತೆ ಹೇಳಿದೆ. ಹಳೆಯ ಮೀನುಗಳು ಸತ್ತದ್ದು ನಾನು ಅವಸರ ಮಾಡಿದ್ದರಿಂದ, ನೀನು ಊಟ ಹಾಕಿದ್ದು ತಪ್ಪಲ್ಲ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬಿಯಿಂದ ಎರಡು ಬೆರಳಲ್ಲಿ ಚೂರು ಆಹಾರ ತೆಗೆದು, ಅದನ್ನೂ ಅರ್ಧ ವಾಪಸು ಹಾಕಿ, “ಇಷ್ಟು ಸಾಕಾ?” ಎಂದು ಕೇಳಿದಳು. ಸಾಕು ಎಂದೆ.