ಕೆಸರು ದಾಟಿದ ಭಾರ

ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತಮುತ್ತ ನದೀಮುಖಜ ಭೂಮಿ. ಕೊಳೆತ ಸಸ್ಯಗಳಿಂದಾದ ಅಲ್ಲಿನ ಕಪ್ಪು ಪೀಟ್ ಮಣ್ಣು ಬೆಳೆಗೆ ಹೇಳಿ ಮಾಡಿಸಿದಂಥದ್ದು. ಆದರೆ ಟನ್‌ಗಟ್ಟಲೆ ತೂಗುವ ಉಗಿ ಟ್ರ್ಯಾಕ್ಟರ್ ಅದರೊಳಗೆ ಹೂತುಹೋಗುತ್ತಿತ್ತು. ತಯಾರಕ ಬೆಂಜಮಿನ್ ಹೋಲ್ಟ್‌ಗೆ ಮೊದಲು ಹೊಳೆದದ್ದು ಚಕ್ರವನ್ನು ಅಗಲ ಮಾಡುವ ಉಪಾಯ. ಒಂದೊಂದು ಚಕ್ರ ಆರಡಿ ಅಗಲವಾಯಿತು. ಅಂಥವನ್ನು ಸಾಲಾಗಿ ಜೋಡಿಸಿದ ಯಂತ್ರದ ಅಗಲ 46 ಅಡಿ ಮುಟ್ಟಿತು. ಅದನ್ನು ಹೊಲದಲ್ಲಿ ತಿರುಗಿಸುವುದೇ ದೊಡ್ಡ ಪಾಡು. ಕೊನೆಗೆ 1904ರ ನವೆಂಬರಿನಲ್ಲಿ ಆತ ಹಿಂದಿನ ಚಕ್ರಗಳನ್ನೇ ಕಿತ್ತು, ಉಕ್ಕಿನ ಸರಪಳಿಗೆ ಮರದ ಪಟ್ಟಿಗಳನ್ನು ಬಿಗಿದು ಕೂರಿಸಿದ. ಇಂದು ಹಿಟಾಚಿ ಯಂತ್ರಗಳಡಿ ಕಾಣುವ ಚೈನಿನ ಹಳೆಯ ರೂಪ ಅದು. ಯಂತ್ರ ಹೂಳದೆ ಸಾಗಿತು.

ಈ ಯೋಚನೆ ಅವನೊಬ್ಬನದೇ ಅಲ್ಲ. ಇಂಗ್ಲೆಂಡಿನ ರಿಚರ್ಡ್ ಎಡ್ಜ್‌ವರ್ತ್ 1770ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದ. ಅಮೆರಿಕದ ಆಲ್ವಿನ್ ಲೊಂಬಾರ್ಡ್ 1901ರಲ್ಲಿ ಹಿಮದ ಮೇಲೆ ಮರದ ದಿಮ್ಮಿ ಎಳೆಯುವ ಚೈನಿನ ಯಂತ್ರಕ್ಕೆ ಪೇಟೆಂಟ್ ಪಡೆದ.

ಅದಕ್ಕೂ ಮುಂಚಿನ ಸಾವಿರಾರು ವರ್ಷ ಮನುಷ್ಯ ಬದಲಾಯಿಸಿದ್ದು ಗಾಡಿಯನ್ನಲ್ಲ, ನೆಲವನ್ನು. ಐರ್ಲೆಂಡಿನ ಕಾರ್ಲಿಯಾ ಜೌಗಿನಲ್ಲಿ ಕ್ರಿ.ಪೂ. 148ರಲ್ಲಿ ಓಕ್ ಹಲಗೆಗಳ ದಾರಿ ಹಾಸಿದ್ದರು. ತನ್ನದೇ ಭಾರಕ್ಕೆ ಅದು ಕೆಲವೇ ವರ್ಷಗಳಲ್ಲಿ ಮುಳುಗಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗಕ್ಕೆ ಚಾಟ್ ಮಾಸ್ ಎಂಬ ಜೌಗು ಅಡ್ಡಬಂದಾಗ ಜಾರ್ಜ್ ಸ್ಟೀಫನ್‌ಸನ್ ಅದರ ತಳ ಹುಡುಕುವ ಗೋಜಿಗೆ ಹೋಗಲಿಲ್ಲ. ನೀರು ಬಸಿಯಲು ಕಾಲುವೆ ತೋಡಿಸಿ, ಹೆಣೆದ ಕಡ್ಡಿಗಳ ತಡಿಕೆ ಮತ್ತು ಪೊದೆಸೊಪ್ಪನ್ನು ಪದರ ಪದರವಾಗಿ ಹಾಸಿ, ಹಳಿಯನ್ನು ಅದರ ಮೇಲೆ ತೇಲಿಸಿದ. 1830ರಲ್ಲಿ ತೆರೆದ ಆ ದಾರಿಯಲ್ಲಿ ಇಂದಿಗೂ ರೈಲು ಓಡುತ್ತಿದೆ. ಸ್ಕಾಟ್ಲೆಂಡಿನ ಪೀಟ್ ನೆಲದಲ್ಲಿ ಗಾಳಿಯಂತ್ರಗಳನ್ನು ಸಾಗಿಸಲು ಈಗ ಕಟ್ಟುವ ತೇಲುರಸ್ತೆಗಳದ್ದೂ ಇದೇ ತತ್ತ್ವ. ಸೊಪ್ಪಿನ ಜಾಗಕ್ಕೆ ಪ್ಲಾಸ್ಟಿಕ್ ಜಾಲರಿ ಬಂದಿದೆ.

ಚೈನು ಎಂದರೆ ಗಾಡಿ ತನ್ನ ಮುಂದೆ ತಾನೇ ಹಾಸಿ, ಹಿಂದಿನಿಂದ ಮತ್ತೆ ಸುತ್ತಿಕೊಳ್ಳುವ ರಸ್ತೆ. ಆದರೂ ಅದು ಎಲ್ಲ ಕೆಸರಿಗೂ ಉತ್ತರವಾಗಲಿಲ್ಲ. 1917ರಲ್ಲಿ ಬೆಲ್ಜಿಯಂನ ಪ್ಯಾಶೆಂಡೇಲ್ ಯುದ್ಧದಲ್ಲಿ ಶೆಲ್ ದಾಳಿಗೆ ಬಸಿಗಾಲುವೆಗಳೆಲ್ಲ ಒಡೆದು, ಮೇಲೆ ಮಳೆಯೂ ಹಿಡಿದು, ಸುಮಾರು 28 ಟನ್ ತೂಕದ ಬ್ರಿಟಿಷ್ ಟ್ಯಾಂಕುಗಳು ಹೊಟ್ಟೆ ಊರಿ ಕೂತವು. ಬಿಡಿಸಿಕೊಳ್ಳಲು ನೆತ್ತಿಯ ಮೇಲೆ ಒಂದು ದಪ್ಪ ತೊಲೆ ಇರುತ್ತಿತ್ತು. ಸೈನಿಕರು ಗುಂಡಿನ ಮಳೆಯಲ್ಲೇ ಹೊರಬಂದು ತೊಲೆಯನ್ನು ಎರಡೂ ಚೈನುಗಳಿಗೆ ಸರಪಳಿಯಿಂದ ಬಿಗಿಯಬೇಕು. ಚೈನು ಸುತ್ತಿದಾಗ ತೊಲೆ ಮುಂದಿನಿಂದ ಇಳಿದು ಅಡಿಗೆ ಸಿಕ್ಕುತ್ತದೆ, ಟ್ಯಾಂಕು ಅದನ್ನು ಮೆಟ್ಟಿ ಮೇಲೇಳುತ್ತದೆ. ಈ ತೊಲೆ ಎಷ್ಟೋ ಜೀವ ಉಳಿಸಿತು. ಆದರೆ ಇಂಥ ನೆಲಕ್ಕೆ ಟ್ಯಾಂಕನ್ನು ಇಳಿಸಬೇಕಿತ್ತೇ ಎಂಬುದನ್ನು ಮೊದಲೇ ಅಳೆದು ಹೇಳುವ ಸಾಧನ ಯಾರ ಕೈಯಲ್ಲೂ ಇರಲಿಲ್ಲ.

ಈ ಕ್ಷೇತ್ರದ ನಿಜವಾದ ತಿರುವು ಚೈನಲ್ಲ, ಆ ಅಳತೆ. 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡನ್ ಮತ್ತು ಬ್ರೂಸ್ ಆಗ್ಡನ್-ಸ್ಮಿತ್ ಎಂಬಿಬ್ಬರು ಬ್ರಿಟಿಷ್ ಸೈನಿಕರು ಜರ್ಮನ್ನರ ವಶದಲ್ಲಿದ್ದ ನಾರ್ಮಂಡಿಯ ಕಡಲತೀರಕ್ಕೆ ಈಜಿ ಹೋಗಿ, ಬೈರಿಗೆಯಿಂದ ಮಣ್ಣು ಕೊರೆದು ಕೊಳವೆಗಳಲ್ಲಿ ತುಂಬಿ ತಂದರು. ಮರಳಿನಡಿ ಮೆದು ಮಣ್ಣಿದ್ದರೆ, ಮುಂದೆ ದಾಳಿಗೆ ಅಲ್ಲಿ ಇಳಿಯಲಿದ್ದ ವಾಹನಗಳೆಲ್ಲ ಅಲ್ಲೇ ಸಿಕ್ಕಿಬೀಳುವ ಭಯ. ಅಂಥ ತಾಣಗಳಿಗೆಂದೇ ಕ್ಯಾನ್ವಾಸ್ ಜಮಖಾನ ಬಿಚ್ಚುತ್ತ ಸಾಗುವ ಟ್ಯಾಂಕುಗಳು ತಯಾರಾದವು.

ಯುದ್ಧದ ನಂತರ ಅಮೆರಿಕದ ವಿಕ್ಸ್‌ಬರ್ಗ್‌ನಲ್ಲಿ ಸೇನಾ ಎಂಜಿನಿಯರುಗಳು ಸರಳ ಸಾಧನವೊಂದನ್ನು ಬಳಕೆಗೆ ತಂದರು: ತುದಿಯಲ್ಲಿ ಶಂಕುವಿರುವ ಸರಳು. ಕೈಯಿಂದ ಒತ್ತಿದರೆ ಮಣ್ಣಿನ ಪ್ರತಿರೋಧವನ್ನು ಡಯಲ್ ತೋರಿಸುತ್ತದೆ. ಒಂದೇ ಜಾಡಿನಲ್ಲಿ ಒಂದು ವಾಹನ ದಾಟಲು ಎಷ್ಟು ಗಟ್ಟಿ ಬೇಕು, ಐವತ್ತು ದಾಟಲು ಎಷ್ಟು ಎಂದು ಅವರು ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಅದಕ್ಕೆ ಕಾರಣವಿದೆ: ತುಳಿದಷ್ಟೂ ಜೇಡಿಯ ಬಲ ಕುಂದುತ್ತದೆ. ಪೋಲೆಂಡ್ ಮೂಲದ ಎಂಜಿನಿಯರ್ ಮಿಯೆಚಿಸ್ವಾಫ್ ಬೆಕ್ಕರ್ 1956ರ ಗ್ರಂಥದಲ್ಲಿ ನೆಲ–ವಾಹನ ಸಂಬಂಧಕ್ಕೆ ಗಣಿತದ ಬುನಾದಿ ಹಾಕಿದರು. ಚಂದ್ರನ ಮೇಲೆ ಓಡಿದ ರೋವರಿನ ಚಕ್ರದ ಹಿಂದೆಯೂ ಅವರ ಶ್ರಮವಿದೆ.

ಆಮೇಲಿನ ಯಂತ್ರಗಳು ಹಗುರ ಹೆಜ್ಜೆಯವು. ಸ್ವೀಡನ್ನಿನ ಹೆಗ್ಲುಂಡ್ಸ್ ಬಿವಿ 206ರಲ್ಲಿ ಎರಡು ಡಬ್ಬಿ, ನಾಲ್ಕು ರಬ್ಬರ್ ಚೈನು. ನಾಲ್ಕಕ್ಕೂ ಎಂಜಿನ್ ಬಲ. ನೆಲದ ಮೇಲೆ ಅದು ಹೇರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.14 ಕಿಲೋ. ನಡೆಯುವ ಮನುಷ್ಯನ ಪಾದದ ಒತ್ತಡ ಅದಕ್ಕಿಂತ ಹೆಚ್ಚು.

ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಯ ರೀತಿಯೇ ಬೇರೆ. ಅಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಕೆಸರಿನ ಮೇಲೆ ತೇಲುವುದಕ್ಕಷ್ಟೇ ನೆಚ್ಚಿಕೊಂಡಿಲ್ಲ. ಅದರ ಪಟ್ಟಿಗಳು ಕೆಸರನ್ನು ಸೀಳಿ ಇಳಿಯುತ್ತವೆ. ವರ್ಷ ವರ್ಷ ರೊಳ್ಳೆ ಹೊಡೆದು ಕೆಳಗೆ ಬಿಗಿದುಕೊಂಡ ಗಟ್ಟಿ ಪದರವೇ ಕೊನೆಗೆ ಭಾರ ಹೊರುತ್ತದೆ. ಅದೇ ಚಕ್ರದಲ್ಲಿ ಡಾಂಬರು ರಸ್ತೆಗೆ ಹತ್ತಿದರೆ ರಸ್ತೆ ಕಿತ್ತುಬರುತ್ತದೆ. ಕೊಯ್ಲಿನ ಹೊತ್ತಿಗೆ ಹಸಿ ಗದ್ದೆಗೆ ಚೈನಿನ ಕಟಾವು ಯಂತ್ರ ಬರುತ್ತದೆ. ಅಗಲ ಚೈನು ಮೇಲ್ಮಣ್ಣನ್ನು ಕಾಯುತ್ತದೆ, ಆದರೆ ಆಳದ ಮಣ್ಣು ಎಷ್ಟು ಬಿಗಿಯುತ್ತದೆ ಎಂಬುದು ಯಂತ್ರದ ಒಟ್ಟು ತೂಕವನ್ನೂ ಅವಲಂಬಿಸಿದೆ. ಹಾಗಾಗಿ ಸಂಶೋಧಕರ ಗಮನ ಈಗ ಗಾಡಿ ಹೂಳುತ್ತದೆಯೇ ಎಂಬುದರ ಜೊತೆಗೆ, ಅದು ದಾಟಿದ ಮೇಲೆ ಮುಂದಿನ ಬೆಳೆಯ ಬೇರು ಎಷ್ಟು ಆಳ ಇಳಿಯಬಲ್ಲದು ಎಂಬುದರ ಕಡೆಗೂ ಹೊರಳಿದೆ.